ಮಸೀದಿಗೆ ಸೇರದ ಬಾವಿ

ಮಂಗಳವಾರ, ಹನ್ನೊಂದನೇ ತಾರೀಖು.

ನಾಲಿಗೆಗೆ ಬೀಗ ಹಾಕುವ ವಿದ್ಯೆಯನ್ನು ನಮ್ಮೂರ ಶಾಲೆಯಲ್ಲಿ ಕಲಿಸಲಿಲ್ಲ. ಮಸೀದಿಯ ಗೋಡೆಗೆ ಅಂಟಿದ ನನ್ನ ಬಾವಿಯನ್ನು ಮಸೀದಿಗೇ ವಕ್ಫ್ ಮಾಡಲು, ಅಂದರೆ ಯಾರೂ ಮರಳಿ ಪಡೆಯಲಾಗದಂತೆ ದಾನ ಕೊಡಲು, ಇವತ್ತು ಹೋಗಿದ್ದೆ. ತೀರಿಹೋದ ನನ್ನ ಗೆಳೆಯ, ನಮ್ಮೂರ ದರ್ಜಿ, ನಮಾಜಿಗೆ ಮುಂಚೆ ಕೈಕಾಲು ತೊಳೆಯುತ್ತಿದ್ದದ್ದು ಅದೇ ನೀರಿನಲ್ಲಿ. ವಕ್ಫ್ ಆದರೆ ನಾನು ಸತ್ತ ಮೇಲೂ ಅಣ್ಣನ ಮಗ ಅದನ್ನು ಮುಚ್ಚಿ ಅಂಗಡಿ ಕಟ್ಟುವಂತಿಲ್ಲ.

ಮೌಲವಿ ಕೇಳಿದರು, “ಮಾವ, ಮಸೀದಿಗೆ ಕೊಟ್ರೆ ನಿಮ್ಮ ಧರ್ಮದಲ್ಲೂ ಪುಣ್ಯ ಅಂತ ನಂಬ್ತೀರಾ?”

ಸುತ್ತ ಜನ ಕೂತಿದ್ದರು. ಸುಮ್ಮನಿರುವ ಜನ್ಮವೇ ನನ್ನದು? “ಪುಣ್ಯ ಗಿಣ್ಯ ನಂಬೋ ಆಸಾಮಿ ನಾನಲ್ಲ. ಕೊಡೋದು ಗೆಳೆಯನಿಗೋಸ್ಕರ,” ಎಂದೆ. ಎಲ್ಲರೂ ನಕ್ಕರು, ಮೌಲವಿ ನಗಲಿಲ್ಲ.

“ಹಾಗಾದ್ರೆ ನಾವು ಅನುಸರಿಸೋ ಕಾನೂನಲ್ಲಿ ಇದು ನಿಲ್ಲಲ್ಲ ಮಾವ. ಕೊಡೋರಿಗೂ ಅದು ಪುಣ್ಯ ಅನ್ನಿಸ್ಬೇಕು.”

“ಸರಿ ಬಿಡಿ, ಈಗ ನಂಬಿದೆ.”

“ನಂಬಿಕೆ ಏನು ಅಂಗಡಿ ಸಾಮಾನಾ, ನಿಂತ ಕಾಲಲ್ಲೇ ಬದಲಾಯಿಸ್ಕೊಳ್ಳೋಕೆ?”

ವಾಪಸ್ಸು ಬರುವಾಗ ಅಣ್ಣನ ಮಗ ಬಾವಿಕಟ್ಟೆಯ ಮೇಲೆ ಟೇಪು ಹಿಡಿದು ಅಳೆಯುತ್ತಿದ್ದ. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ.

ಕೂತು ಯೋಚಿಸಿದರೆ ಈಗ ನಿಜವಾಗಿಯೂ ಅದು ಪುಣ್ಯವೆಂದೇ ಅನ್ನಿಸುತ್ತಿದೆ. ಯಾರಿಗೆ ಹೇಳಲಿ? ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದವನು ದರ್ಜಿ ಒಬ್ಬನೇ, ಅವನೂ ಈಗಿಲ್ಲ.