ಪ್ಲೇಟಿನ ಮೇಲೆ ಒಣಗಿದ ಶಾವಿಗೆ

ಡೋಣಿ, ಹೊಲದ ಶೆಡ್ಡು
೮ ಮಾರ್ಚ್ ೨೦೨೬, ರವಿವಾರ

ನನ್ನ ಜೀವದ ಮಗಳು ಯಾಸ್ಮೀನಳಿಗೆ,

ನಿನ್ನ ಅಮ್ಮಾನ ಸಲಾಂ, ಹೊಟ್ಟೆ ತುಂಬ ದುವಾ. ನಾನೂ ನಿಮ್ಮ ಅಬ್ಬಾನೂ ಆರಾಮ ಇದ್ದೇವೆ. ಪ್ರತಿ ಕಾಗದದಲ್ಲೂ ಈ ಮಾತು ಬರೆಯುತ್ತೇನೆ. ಇವತ್ತು ಬರೆದು ಮತ್ತೊಮ್ಮೆ ಓದಿಕೊಂಡೆ. ಖರೇನೇ ಆರಾಮ ಇದ್ದೇವೆ. ನನ್ನ ಮೊಣಕಾಲು ಮಾತ್ರ ಮೊದಲಿನ ಹಾಗೇ, ಹೊಸ್ತಿಲು ದಾಟುವಾಗಲೂ ಗೋಡೆ ಹಿಡಿಯಬೇಕು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ಅಳು ಬರುತ್ತದೆ, ನೀನು ಗಾಬರಿಯಾಗುತ್ತಿ, ಹೇಳಬೇಕಾದದ್ದು ಉಳಿದುಹೋಗುತ್ತದೆ. ಅದಕ್ಕೇ ಕಾಗದ. ನಿನ್ನ ಶಾಲೆಯ ಪುಸ್ತಕ ನೋಡಿ ಕಲಿತ ಅಕ್ಷರ, ತಪ್ಪಿದ್ದರೆ ನಗಬೇಡ. ನಾಳೆ ಬಾಜೂ ಹೊಲದ ಯಂಕಪ್ಪ ಮೆಣಸಿನಕಾಯಿ ಚೀಲ ಹೇರಿಕೊಂಡು ಗದಗಿಗೆ ಬರುತ್ತಾನೆ. ಅವನ ಕೈಯಲ್ಲಿ ಇದನ್ನೂ ಶಾವಿಗೆ ಡಬ್ಬಿಯನ್ನೂ ಕಳಿಸುತ್ತೇನೆ. ನಿಮ್ಮ ಅಬ್ಬಾ ಎದುರಿಗೇ ಕುಳಿತಿದ್ದಾರೆ. ಏನು ಬರೀತಿ, ಏನು ಬರೀತಿ ಎಂದು ಒಂದೇ ಸಮನೆ ಕೇಳುತ್ತಿದ್ದಾರೆ. ಮುಗಿದ ಮೇಲೆ ಓದಿ ಹೇಳುತ್ತೇನೆ ಎಂದಿದ್ದೇನೆ.

ಮೊದಲು ಶಾವಿಗೆಯ ಮಾತು. ಹೋದ ವಾರ ನೀನು ಸಾರಿ ಸಾರಿ ಕೇಳಿದಿ: ಇಷ್ಟು ಬಿಸಿಲಿದ್ದರೂ ಬ್ಯಾಟರಿ ಯಾಕೆ ತುಂಬುತ್ತಿಲ್ಲ, ಮಾಳಿಗೆ ಮೇಲಿನ ಸೋಲಾರ್ ಪ್ಲೇಟಿನ ಮೇಲೆ ಧೂಳು ಕುಳಿತಿದೆಯೇನು ಎಂದು. ಒರೆಸಿದ್ದೇವೆ ಎಂದು ಹೇಳಿದೆ. ಅದು ಸುಳ್ಳು. ಹಬ್ಬಕ್ಕೆಂದು ಹೊಸೆದ ಶಾವಿಗೆಯನ್ನು ಬಟ್ಟೆ ಹಾಸಿ ಆ ಪ್ಲೇಟುಗಳ ಮೇಲೇ ಒಣಹಾಕಿದ್ದೆ. ಕೆಳಗೆ ಹೊರಸಿನ ಮಂಚದ ಮೇಲೆ ಹಾಕಿದರೆ ಕೋಳಿ ಬಿಡುವುದಿಲ್ಲ, ಇರುವೆ ಬಿಡುವುದಿಲ್ಲ. ಪ್ಲೇಟು ನುಣ್ಣಗೆ, ಚೊಕ್ಕ, ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಬಟ್ಟೆ ಹಾಸಿದ ಮೇಲೂ ಸುಡುತ್ತಿತ್ತು. ಅಷ್ಟು ಸುಡುವಾಗ ಕರೆಂಟು ಆಗದೆ ಎಲ್ಲಿ ಹೋಗುತ್ತದೆ ಎಂದುಕೊಂಡೆ. ಅದಕ್ಕೆ ಬೇಕಾದದ್ದು ಬೆಳಕು, ಕಾವಲ್ಲ ಎಂದು, ನಿನ್ನೆ ಏನೋ ನೆವ ಮಾಡಿ ಕೇಳಿದಾಗ ನೀನು ಹೇಳಿದ ಮೇಲೇ ತಿಳಿದದ್ದು.

ನಮ್ಮ ಹೊಲಕ್ಕೆ ಕರೆಂಟಿನ ತಂತಿ ಇನ್ನೂ ಬಂದಿಲ್ಲ. ಬೆಟಗೇರಿಯ ಕಂಪನಿಯಲ್ಲಿ ಊರವರ ಮಾಳಿಗೆಗೆಲ್ಲ ಪ್ಲೇಟು ಕೂಡಿಸುವ ನೀನು ನಮಗೂ ಕೂಡಿಸಿಕೊಟ್ಟ ದಿನ ನಾನೆಷ್ಟು ಹಿಗ್ಗಿದ್ದೆ. ಅಬ್ಬಾನ ಇನ್ಸುಲಿನ್ ಇಡಲು ಸಣ್ಣ ಫ್ರಿಜ್, ಒಂದು ಫ್ಯಾನು, ಅಂಗಳದ ಕಂಬಕ್ಕೆ ದೊಡ್ಡ ದೀಪ. ಸಿಮ್ ಹಾಕಿದ ಆ ಡಬ್ಬಿಯಿಂದ ನೀನು ಗದಗಿನಲ್ಲಿ ಕುಳಿತೇ ಎಲ್ಲವನ್ನೂ ನೋಡುತ್ತಿ, ಹಚ್ಚುತ್ತಿ, ಆರಿಸುತ್ತಿ. ಹಿಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮೋಡ ಕವಿದು ಚಾರ್ಜ್ ಇಳಿದಾಗ, ಔಷಧಿಯ ಫ್ರಿಜ್ ನಿಲ್ಲಬಾರದೆಂದು ಫ್ಯಾನು ಬಂದ್ ಮಾಡಿದಿ. ಅಬ್ಬಾ ಅದರ ಕೆಳಗೇ ಮಲಗಿದ್ದರು. ಎದ್ದು ಕುಳಿತು ಫ್ಯಾನು ನೋಡಿದರು, ನನ್ನನ್ನು ನೋಡಿದರು.

"ಗದಗಿನ್ಯಾಗ ಕುಂತಾಕಿ ನನ್ನ ಮನಿ ಫ್ಯಾನ್ ಬಂದ್ ಮಾಡ್ತಾಳಂದ್ರ, ಈ ಮನಿಗೆ ಯಜಮಾನ ಯಾರು?"

ಅವತ್ತಿನಿಂದ ನಿನ್ನ ಸಂಗಡ ಮಾತು ಬಿಟ್ಟರು. ನೀನೂ ಅವರ ಮಗಳೇ, ಮೊದಲು ಅಬ್ಬಾ ಮಾತಾಡಲಿ ಎಂದು ಕುಳಿತಿ. ನಡುವೆ ನಾನು.

ಇನ್ನೊಂದು ಮಾತನ್ನೂ ಮುಚ್ಚಿಟ್ಟಿದ್ದೆ. ಡಾಕ್ಟರು ಬೇಡವೆಂದರೂ ಅಬ್ಬಾ ಶುಕ್ರವಾರಕ್ಕೊಮ್ಮೆ ರಮಜಾನಿನ ರೋಜಾ ಹಿಡಿಯುತ್ತಿದ್ದಾರೆ. ಮೊನ್ನೆಯೂ ಹಿಡಿದಿದ್ದರು. ಸಂಜೆ ಗಬ್ಬದ ಆಡು ಕಾಣಿಸಲಿಲ್ಲವೆಂದು ಗುಡ್ಡಕ್ಕೆ ಹೋದರು. ಈಗ ಬಂದೆ ಎಂದು ಫೋನು ಗೂಡಿನಲ್ಲೇ ಬಿಟ್ಟು ಹೋದರು.

ಮಗ್ರಿಬಿನ ಹೊತ್ತಾಯಿತು, ರೋಜಾ ಬಿಡುವ ಸಮಯ. ಖರ್ಜೂರ, ಶರಬತ್ತು, ಭಜಿ ಎಲ್ಲ ಮುಂದಿಟ್ಟುಕೊಂಡು ಕುಳಿತೆ. ಬರಲಿಲ್ಲ. ಫೋನು ಮಾಡಿದರೆ ಗೂಡಿನಲ್ಲೇ ಬಾರಿಸಿತು. ಆಡು ತಾನಾಗಿಯೇ ಬಂದು ಅಂಗಳದಲ್ಲಿ ನಿಂತಿತು. ಅದನ್ನು ನೋಡಿದ ಕೂಡಲೇ ಗೋಡೆ ಹಿಡಿದು ಹೊರಗೆ ಬಂದೆ. ಯಂಕಪ್ಪನನ್ನು ಕೂಗಿದೆ, ಅವನು ಟಾರ್ಚ್ ಹಿಡಿದು ಹಳ್ಳದ ಕಡೆ ಓಡಿದ. ಚಂದ್ರ ಹುಟ್ಟಿರಲಿಲ್ಲ. ನಮ್ಮ ಶೆಡ್ಡು ಕಗ್ಗತ್ತಲು: ಶಾವಿಗೆಯ ದೆಸೆಯಿಂದ ಚಾರ್ಜಿಲ್ಲ, ಚಾರ್ಜಿಲ್ಲವೆಂದು ಕಂಬದ ದೀಪವನ್ನು ನೀನು ಬಂದ್ ಇಟ್ಟಿದ್ದಿ. ಬೆಳಗಿನಿಂದ ಏನೂ ತಿಂದಿಲ್ಲದ ಶುಗರಿನ ಮನುಷ್ಯ, ಮೇಲೆ ಆ ಗುಡ್ಡದಲ್ಲಿ.

ಆಗ ನಿನಗೆ ಫೋನು ಹಚ್ಚಿದೆ. ನಾನು ಏನು ಹೇಳಿದೆನೋ ನೆನಪಿಲ್ಲ. ನೀನು ಹೇಳಿದ್ದು ಮಾತ್ರ ಅಕ್ಷರ ಅಕ್ಷರ ನೆನಪಿದೆ.

"ಅಮ್ಮಾ, ಅಳೂದು ಆಮ್ಯಾಲೆ. ಫ್ರಿಜ್‌ನ್ಯಾಗಿನ ಔಷಧ ತಗದು ನೀರಿನ ಗಡಿಗಿ ಮಗ್ಗಲಕ್ಕ ಹಸಿ ಅರಿವಿ ಸುತ್ತಿ ಇಡು. ನಾ ಎಲ್ಲಾ ಬಂದ್ ಮಾಡಿ ಉಳದದ್ದಷ್ಟೂ ಕಂಬಕ್ಕ ಕೊಡ್ತೀನಿ. ಒಂದ ಸಮನ ಹಚ್ಚಿದ್ರ ಜಲ್ದಿ ಮುಗೀತೈತಿ. ಹಚ್ಚಿ ಆರಸ್ತೀನಿ. ನೀ ಕಂಬದ ಬುಡಕ ನಿಂತು ಕೂಗ್ತಾ ಇರು."

ನೀನು ನಿನ್ನ ಫೋನಿನಲ್ಲಿ ಅಂಕಿ ನೋಡುತ್ತಿದ್ದಿರಬೇಕು. ಇಲ್ಲಿ ಏನಾಯಿತೆಂದು ನಾನು ಹೇಳುತ್ತೇನೆ. ಫ್ರಿಜ್ಜಿನ ಗುಂಯ್ ಸದ್ದು ನಿಂತಿತು. ದೀಪ ಹತ್ತಿತು, ಅಂಗಳ, ಆಡು, ಬೇವಿನ ಗಿಡ, ಎಲ್ಲ ಬೆಳ್ಳಗೆ ಕಂಡು ಮತ್ತೆ ಮುಳುಗಿದವು. ಮತ್ತೆ ಹತ್ತಿತು. ಯಾರೂ ಮುಟ್ಟದ ದೀಪ ಹಾಗೆ ಹತ್ತಿ ಆರುವುದನ್ನು ನೋಡಿದರೆ ನೀನೇ ಬಾಜೂಕ್ಕೆ ನಿಂತ ಹಾಗಿತ್ತು. ನಾನು ಕೂಗುತ್ತಿದ್ದೆ. ಗಂಡನ ಹೆಸರು ಹಿಡಿದು ಕೂಗುವುದು ಹೇಗೆಂದು ನಿನ್ನ ಹೆಸರನ್ನೇ ಕೂಗುತ್ತಿದ್ದೆ.

ಕೊನೆಕೊನೆಗೆ ದೀಪ ಮಂಕಾಗಿ ಸೊರಗಿತು. ಇನ್ನೇನು ಮುಗಿಯಿತು ಎನ್ನುವಾಗ ಜಾಲಿ ಕಂಟಿಯ ಆಚೆಯಿಂದ ಕೆಮ್ಮು ಕೇಳಿಸಿತು. ಅಬ್ಬಾನ ಕೆಮ್ಮನ್ನು ನಾನು ನೂರು ಜನರ ನಡುವೆ ಗುರುತು ಹಿಡಿಯುತ್ತೇನೆ. ಬಂದರು, ಅಂಗಿ ಹರಿದಿತ್ತು. ಶರಬತ್ತಿನ ಲೋಟ ನಾನೇ ಬಾಯಿಗೆ ಹಿಡಿದೆ. ಎರಡನೇ ಲೋಟ ಮುಗಿಸಿ ಅವರು ಆಡಿದ ಮೊದಲ ಮಾತು, ಆಡು ಬಂತೇನು.

ಉಳಿದದ್ದನ್ನು ನಿನ್ನೆ ಹೇಳಿದರು. ಹೊತ್ತು ಮುಳುಗಿದ ಮೇಲೆ ಯಾವ ಕಡೆ ನೋಡಿದರೂ ರೆಕ್ಕೆ ತಿರುಗುವ ಗಾಳಿಕಂಬಗಳ ಕೆಂಪು ದೀಪಗಳೇ ಮಿಣುಕುತ್ತಿದ್ದವಂತೆ. ನಮ್ಮ ಶೆಡ್ಡಿನ ದೀಪವೇ ಅವರಿಗೆ ದಿಕ್ಕು; ಅದು ಎಲ್ಲೂ ಇಲ್ಲ. ತಲೆ ತಿರುಗಿ, ಬೆವರು ಬಂದು ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರಂತೆ. ಇಲ್ಲೇ ಮಲಗೋಣ ಅನ್ನಿಸಿತ್ತಂತೆ. ಆಗ ಅವರ ಬೆನ್ನ ಹಿಂದೆ ಬಿಳಿ ದೀಪ ಹತ್ತಿ ಆರಿತು.

"ನಾ ಮೊದ್ಲ ಯಂಕಪ್ಪನ ಟ್ರ್ಯಾಕ್ಟರ್ ಅಂದ್ಕೊಂಡೆ. ಅದು ಹತ್ತೂದು, ಆರೂದು, ಹತ್ತೂದು, ಆರೂದು. ಸಣ್ಣಾಕಿದ್ದಾಗ ನನ್ನ ಟಾರ್ಚ್ ಹಿಂಗಽ ಹಚ್ಚಿ ಆರಿಸಿ ಸೆಲ್ ಎಲ್ಲಾ ಖಾಲಿ ಮಾಡ್ತಿದ್ಲು. ಎಷ್ಟು ಬೈದ್ರೂ ಬಿಡಲಿಲ್ಲ. ಆಕೀನಽ ಇದು ಅಂತ ಎದ್ದೆ."

ಅಷ್ಟು ಹೇಳಿ ಟವಲಿನಿಂದ ಮುಖ ಒರೆಸಿಕೊಂಡರು. ಬೆವರು ಎಂದರು. ನಾನೂ ಬೆವರು ಎಂದೆ.

ಔಷಧಿ ಕೆಟ್ಟಿಲ್ಲ, ಔಷಧಿ ಅಂಗಡಿಯಲ್ಲಿ ಕೇಳಿದ್ದೇವೆ. ನಿನ್ನೆ ಡಾಕ್ಟರಿಗೂ ತೋರಿಸಿಕೊಂಡು ಬಂದೆವು; ರೋಜಾದ ಬದಲು ಬಡವರಿಗೆ ಊಟ ಹಾಕಿ ಎಂದು ಮೌಲಾನಾ ಹೇಳಿದ್ದನ್ನು ಈ ಸಲ ಒಪ್ಪಿದ್ದಾರೆ. ನಿನ್ನೆಯಿಂದ ಪ್ಲೇಟು ಬರೀ ಮೈಯಲ್ಲಿ ದಿನವಿಡೀ ಬಿಸಿಲು ಕುಡಿಯುತ್ತಿದೆ. ನಿನ್ನೆ ಸಂಜೆ ಕತ್ತಲಾದರೂ ಅಬ್ಬಾ ಸ್ವಿಚ್ಚಿಗೆ ಕೈ ಹಾಕಲಿಲ್ಲ. ಹಚ್ಚಲೇನು ಎಂದರೆ ತಡಿ ಎಂದರು. ಕಂಬದ ಕೆಳಗೆ ಹೊರಸು ಎಳೆದುಕೊಂಡು ಮೇಲೆ ನೋಡುತ್ತ ಕುಳಿತರು. ನೀನು ಗದಗಿನಿಂದ ಹಚ್ಚಿದಿ. ಆಮೇಲೇ ಊಟಕ್ಕೆ ಎದ್ದರು.

ಫೋನು ಅವರಾಗಿ ಮಾಡುವುದಿಲ್ಲ, ಅಷ್ಟು ನಿರೀಕ್ಷೆ ಬೇಡ. ಈದಿಗೆ ಬಾ. ಹಾಲು ಹಾಕಿದ ಶಾವಿಗೆಯನ್ನು ಮೊದಲು ಯಾರ ಕೈಗೆ ಕೊಡುತ್ತಾರೆಂದು ನೋಡುವೆಯಂತೆ.

ನಿನ್ನ ದೀಪದ ಕೆಳಗೇ ಕುಳಿತು ಇಷ್ಟು ಬರೆದ
ನಿನ್ನ ಅಮ್ಮಾ,
ಅಮೀನಬಿ

ತಾ.ಕ.: ಮೇಲಿನದೆಲ್ಲ ಅವರಿಗೆ ಓದಿ ಹೇಳಿದೆ. ಶಾವಿಗೆಯ ಮಾತು ಬಂದಾಗ ನೆಲ ನೋಡುತ್ತಿದ್ದರು. ಕೊನೆಗೆ, ಚಂದ ಬರದಿ ಎಂದು ಆಡಿಗೆ ಮೇವು ಹಾಕಲು ಹೋದರು. ಇದಿಷ್ಟನ್ನು ಓದಿ ಹೇಳುವುದಿಲ್ಲ. ಈ ಮೊಣಕಾಲು ಇಟ್ಟುಕೊಂಡು ನಾನು ಏಣಿ ಹತ್ತಿದೆ ಎಂದು ನೀನು ನಂಬಿರಲಾರೆ. ಪ್ಲೇಟಿನ ಮೇಲೆ ಹಾಸಿದ್ದು ಅವರದೇ ರುಮಾಲು, ಹಾಸಿದವರೂ ಅವರೇ. "ಮಗಳು ಕೂಡಿಸಿದ್ದು ಶಾವಿಗಿ ಒಣಗಸಾಕರ ಬರ್ಲಿ" ಎಂದು ನಕ್ಕೇ ಹತ್ತಿದ್ದರು. "ನಿನ್ನ ಹೆಸರಿನ ಮ್ಯಾಲೆ ಬರಿ, ನನ್ನ ಹೆಸರು ಬ್ಯಾಡ" ಎಂದು ನಿನ್ನೆ ನನ್ನ ಕೈ ಹಿಡಿದು ಕೇಳಿಕೊಂಡರು. ಮದುವೆಯಾದ ಮೇಲೆ ಅವರು ನನ್ನನ್ನು ಏನಾದರೂ ಬೇಡಿದ್ದು ಅದೇ ಮೊದಲು. ನೀನು ಬಂದಾಗ ನನ್ನನ್ನೇ ಬೈಯಿ, ಅವರ ಎದುರಿಗೇ ಬೈಯಿ. ಅವರು ನನ್ನ ಪರವಾಗಿ ಬಾಯಿ ತೆರೆದೇ ತೆರೆಯುತ್ತಾರೆ, ಹಾಗಾದರೂ ನಿನ್ನ ಸಂಗಡ ಮಾತು ಶುರುವಾಗಲಿ.