ಗೊರಕೆ ನಿಂತಾಗ

ಭಾರತೀನಗರ
9 ಜುಲೈ 2025

ಶ್ವೇತಳ ಅಪ್ಪನಿಗೆ,

ಕಾಗದ ನೋಡಿ ಗಾಬರಿಯಾಗಬೇಡಿ. ನಾನು ಚೆನ್ನಾಗಿದ್ದೇನೆ ಎಂದು ಶುರು ಮಾಡಲು ಹೊರಟಿದ್ದೆ, ಆದರೆ ಚೆನ್ನಾಗಿದ್ದರೆ ಈ ಕಾಗದವೇ ಬೇಕಿರಲಿಲ್ಲ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ, ಮೂರನೆಯದಕ್ಕೆ ನೀವು "ಗಿರಾಕಿ ಬಂದ್ರು" ಎಂದು ಇಟ್ಟುಬಿಡುತ್ತೀರಿ. ನಮ್ಮ ಶಾಲೆಯ ಶಿವಯ್ಯ ಮೇಷ್ಟ್ರು ದಿನಾ ನಿಡಘಟ್ಟದ ಮೇಲೆಯೇ ಊರಿಗೆ ಹೋಗುವವರು, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಪಂಕ್ಚರ್ ಅಂಗಡಿಯಲ್ಲಿ ಗ್ರೀಸು ಮೆತ್ತಿದ ಕೈಯಲ್ಲೇ ಒಡೆಯಬೇಡಿ. ಮನೆಗೆ ಹೋಗಿ, ಊಟ ಮಾಡಿ, ಆಮೇಲೆ ಓದಿ.

ನನ್ನ ಪಿತ್ತಕೋಶದಲ್ಲಿ ಕಲ್ಲುಗಳಿವೆಯಂತೆ. ಹೋದ ತಿಂಗಳು ಎಂಟನೇ ಕ್ಲಾಸಿಗೆ ಸಂಧಿ ಹೇಳಿಕೊಡುತ್ತಿದ್ದವಳು ಹೊಟ್ಟೆ ಹಿಡಿದು ಕುಳಿತೆ, ಏಳಲಾಗಲಿಲ್ಲ. ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಗೊತ್ತುಮಾಡಿದ್ದಾರೆ. ಹೊಟ್ಟೆ ಸೀಳುವುದಿಲ್ಲ, ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಒಳಗೆ ಬಿಟ್ಟು, ತೂತಿನಿಂದಲೇ ತೆಗೆದುಬಿಡುತ್ತಾರೆ. ಕೇಳಿದರೆ ಕಾಲಿಗೆ ಚುಚ್ಚಿದ ಮುಳ್ಳು ತೆಗೆದಷ್ಟು ಸುಲಭ ಎನಿಸುತ್ತದೆ. ಅರಿವಳಿಕೆ ಕೊಡುವ ಡಾಕ್ಟರ್ ದೀಪಶ್ರೀ ಅವರನ್ನು ನೋಡುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಅವರ ಕೋಣೆಗೆ ಹೋಗುವಾಗ ನನಗಿದ್ದ ಭಯ ಒಂದೇ, ತೂಕ. ನರ್ಸ್ ಆಗಲೇ ನನ್ನನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿ, ಹೊರಗೆ ಕೂತವರಿಗೆಲ್ಲ ಕೇಳುವಂತೆ ಕೂಗಿಯಾಗಿತ್ತು. ಎಷ್ಟೆಂದು ನಿಮಗೆ ಬರೆಯುವುದಿಲ್ಲ. ಡಾಕ್ಟರಮ್ಮ ತೂಕ ಬರೆದ ಚೀಟಿ ಪಕ್ಕಕ್ಕಿಟ್ಟು, ಎದ್ದು ಬಂದು, ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಅಳೆದರು. ನನ್ನ ಎತ್ತರ ನೋಡಿದವರಲ್ಲಿ ನಿಮ್ಮ ಅವ್ವನೇ ಕಡೆ. ಹೆಣ್ಣು ನೋಡಲು ಬಂದ ದಿನ ಬಾಗಿಲ ಪಕ್ಕ ನಿಲ್ಲಿಸಿ, "ಕುಳ್ಳಾದ್ಲಲ್ಲಾ" ಅಂದಿದ್ದರು. ಐದಡಿ ಒಂದಂಗುಲ.

ಎತ್ತರ ಯಾಕೆ ಬೇಕು ಎಂದು ಕೇಳಿದೆ. ಔಷಧಿ ಕೊಟ್ಟು ಮಲಗಿಸಿದ ಮೇಲೆ ನಾನಾಗಿ ಉಸಿರಾಡುವುದಿಲ್ಲವಂತೆ. ಗಂಟಲಿಗೆ ನಳಿಗೆ ಇಳಿಸಿ ಮಿಷನ್ನೇ ಉಸಿರಾಡಿಸುತ್ತದೆ. ಒಂದು ಉಸಿರಿಗೆ ಎಷ್ಟು ಗಾಳಿ ಎನ್ನುವುದನ್ನು ತೂಕ ನೋಡಿ ಇಡುವಂತಿಲ್ಲ, ಎತ್ತರ ನೋಡಿಯೇ ಇಡಬೇಕು. "ಮೈ ಎಷ್ಟೇ ದಪ್ಪ ಆದ್ರೂ ಶ್ವಾಸಕೋಶ ದೊಡ್ಡದಾಗಲ್ಲ ಮೇಡಂ. ನಿಮ್ಮ ಮದುವೆ ಹೊತ್ತಿಗೆ ಎಷ್ಟಿತ್ತೋ ಈಗಲೂ ಅಷ್ಟೇ ಇದೆ" ಎಂದರು. ನನಗೆ ಅಲ್ಲೇ ಕಣ್ಣು ತುಂಬಿತು. ಹೊರಗಿನವಳನ್ನು ಎಲ್ಲರೂ ಆಡಿಕೊಂಡಾಯಿತು. ಒಳಗೆ ಮಾತ್ರ, ನೀವು ಹಸೆಮಣೆಯ ಮೇಲೆ ಕಂಡ ಹುಡುಗಿಯ ಉಸಿರೇ ಇನ್ನೂ ಓಡಾಡುತ್ತಿದೆ ಎಂದು ಸಂತೋಷವಾಯಿತು.

ನಿಮಗೆ ತಿಳಿಯುವ ಹಾಗೆ ಹೇಳುತ್ತೇನೆ. ಲಾರಿಯ ಮೇಲೆ ಎಷ್ಟು ಕಬ್ಬು ಹೇರಿದರೂ ಟೈರಿನೊಳಗಿನ ಜಾಗ ಅಷ್ಟೇ ಅಲ್ಲವೇ? ಆದರೆ ಹೇರಿದ್ದು ಅಮುಕುತ್ತದೆ. ಒಳಗೆ ಕಾಣಿಸಲೆಂದು ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸುತ್ತಾರೆ. ನನ್ನ ಹೊಟ್ಟೆಯ ಭಾರ, ಅದರ ಜೊತೆಗೆ ಆ ಗ್ಯಾಸು, ಎರಡೂ ಸೇರಿ ಎದೆಯ ಕಡೆಗೆ ಒತ್ತುತ್ತವೆ. ಶ್ವಾಸಕೋಶದ ತಳಭಾಗ ಮುದುರಿಕೊಳ್ಳಬಾರದೆಂದು ಉಸಿರು ಬಿಟ್ಟ ಮೇಲೂ ಮಿಷನ್ ಒಳಗೆ ಸ್ವಲ್ಪ ಒತ್ತಡ ಉಳಿಸಿಕೊಂಡಿರುತ್ತದೆ. ತಲೆಯ ಕಡೆ ಮಂಚ ಎತ್ತರಿಸಿರುತ್ತಾರೆ. "ಇದೆಲ್ಲಾ ನಮ್ಮ ಕೆಲಸ, ನಾವು ನೋಡ್ಕೋತೀವಿ. ನನಗೆ ಯೋಚನೆ ಆಮೇಲಿನ ನಿದ್ದೆಯದು" ಎಂದರು.

ಕೆಲವು ದಪ್ಪ ಜನರಿಗೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತುಹೋಗುತ್ತದಂತೆ. ಮನೆಯಲ್ಲಾದರೆ ಗಕ್ಕನೆ ಎಚ್ಚರವಾಗಿ ಎಳೆದುಕೊಳ್ಳುತ್ತಾರೆ. ಆಪರೇಷನ್ ಆದ ರಾತ್ರಿ ಮೈಯಲ್ಲಿ ಮತ್ತಿನ ಔಷಧಿ ಉಳಿದಿರುವುದರಿಂದ ಆ ಎಚ್ಚರ ಆಗದೇ ಹೋಗಬಹುದು. ಮೊದಲೇ ಗೊತ್ತಿದ್ದರೆ ಔಷಧಿ ನೋಡಿಕೊಂಡು ಕೊಡುತ್ತಾರೆ, ಗಾಳಿ ಒತ್ತಿ ಗಂಟಲು ತೆರೆದಿಡುವ ಮಾಸ್ಕ್ ಸಿದ್ಧವಾಗಿಟ್ಟು ರಾತ್ರಿಯಿಡೀ ಕಾವಲಿರುತ್ತಾರೆ. ಗೊತ್ತಿಲ್ಲದಿದ್ದರೆ ಎಲ್ಲರ ಹಾಗೆ ವಾರ್ಡಿಗೆ ಕಳಿಸುತ್ತಾರೆ. ಅದಕ್ಕೇ ಕೇಳಿದರು, ನಿಮ್ಮ ಪಕ್ಕದಲ್ಲಿ ಮಲಗುವವರು ಏನು ಹೇಳುತ್ತಾರೆ ಎಂದು.

ಏನೂ ಹೇಳುವುದಿಲ್ಲ ಎಂದೆ. ಸುಳ್ಳು ಹೇಳಿದೆ ಕಣ್ರೀ. ನೀವು ಹೇಳಿದ್ದನ್ನು ಯಾವ ಬಾಯಲ್ಲಿ ಹೇಳಲಿ? ಮಳವಳ್ಳಿಯಲ್ಲಿ ಶ್ವೇತಳ ಮಗುವಿನ ನಾಮಕರಣದ ದಿನ, ಬೀಗರು ಪಂಕ್ತಿಯಲ್ಲಿ ಕೂತಿರುವಾಗ, ನನ್ನನ್ನು ತೋರಿಸಿ, "ಇವ್ಳು ಗೊರ್ಕೆ ಒಡುದ್ರೆ ಐವೇಲಿ ಲಾರಿಗೋಳು ಸೈಡ್ ಕೊಡ್ತವೆ" ಅಂದಿರಿ. ಎಲೆಯ ಮುಂದೆ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಆ ರಾತ್ರಿಯೂ ನಿಮ್ಮ ಮೊಣಕೈ ನನ್ನ ಪಕ್ಕೆಗೆ ಬಿತ್ತು. ಮಲಗಲೂ ಬಿಡದ ಗಂಡನೆಂದು ಮಾರನೇ ವಾರವೇ ಇಲ್ಲಿ ಮನೆ ಹಿಡಿದೆ. ಜನಕ್ಕೆ ಬಸ್ಸಿನ ಓಡಾಟ ಆಗುವುದಿಲ್ಲ ಎಂದೆ. ಬಸ್ಸಿನ ಓಡಾಟ ಇಷ್ಟು ವರ್ಷ ಆಗಿರಲಿಲ್ಲವೇ?

ಇಲ್ಲಿ ಬಂದು ಸುಖವಾಗಿ ನಿದ್ದೆ ಮಾಡಿದೆನೆಂದು ತಿಳಿಯಬೇಡಿ. ನಡುಗೋಡೆಯ ಆಚೆ ಮನೆಯ ಒಡತಿ ಮಾಯಮ್ಮ ಮಲಗುತ್ತಾಳೆ. ಹೆಂಚಿನ ಮನೆ, ಗೋಡೆ ಸೂರಿನವರೆಗೂ ಇಲ್ಲ. ರಾತ್ರಿ ಯಾವಾಗೆಂದರೆ ಆವಾಗ ಗೋಡೆ ದಬದಬ ಬಡಿದು ಎಬ್ಬಿಸುತ್ತಾಳೆ. ಬೆಳಿಗ್ಗೆ ಕೇಳಿದರೆ, "ಇಲಿ ಬಂದಿತ್ತು ಕಣವ್ವ, ಓಡುಸ್ತಿದ್ದೆ" ಅನ್ನುತ್ತಾಳೆ. ಈ ಮನೆಗೆ ಬಂದಂದಿನಿಂದ ಒಂದು ಇಲಿಯ ಬಾಲವನ್ನೂ ನಾನು ಕಂಡಿಲ್ಲ. ನನ್ನ ಹಣೆಯಲ್ಲಿ ನಿದ್ದೆ ಬರೆದಿಲ್ಲ, ಅಷ್ಟೇ.

ಡಾಕ್ಟರಮ್ಮ ನನ್ನ ಸುಳ್ಳನ್ನು ನಂಬಲಿಲ್ಲ. ಯಜಮಾನರು ನಿದ್ದೆಯಲ್ಲಿ ಎಬ್ಬಿಸುತ್ತಿದ್ದರೇ ಎಂದು ಕೇಳಿದರು. ತಿವಿಯುತ್ತಿದ್ದರು ಎಂದೆ. ಆಗ ಅವರು ಪೆನ್ನು ಕೆಳಗಿಟ್ಟು ಒಂದು ಮಾತು ಕೇಳಿದರು. "ಗೊರಕೆ ಬರ್ತಿದ್ದಾಗ ತಿವೀತಿದ್ರಾ, ಗೊರಕೆ ನಿಂತಾಗ ತಿವೀತಿದ್ರಾ?"

ನಿದ್ದೆಯಲ್ಲಿದ್ದವಳಿಗೆ ಹೇಗೆ ಗೊತ್ತಾಗಬೇಕು? ಈ ಭೂಮಿಯ ಮೇಲೆ ಅದು ಗೊತ್ತಿರುವವರು ನೀವೊಬ್ಬರೇ. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಅದನ್ನೇ ಯೋಚಿಸಿದೆ. ಗೊರಕೆ ಬಂದಾಗ ತಿವಿದಿದ್ದರೆ ನಿಮಗೆ ನನ್ನ ಸದ್ದು ಬೇಡವಾಗಿತ್ತು, ನಾನು ಮನೆ ಬಿಟ್ಟಿದ್ದು ಸರಿಯೇ. ನಿಂತಾಗ ತಿವಿದಿದ್ದರೆ, ಆಗ ಏನೆಂದು ಬರೆಯಲು ನನಗೆ ಧೈರ್ಯವಿಲ್ಲ.

ಅದೊಂದನ್ನು ತಿಳಿಸಿ. ಸಿಟ್ಟಿಗೆ ಏನೋ ಒಂದು ಬರೆಯಬೇಡಿ, ಇದು ನನ್ನ ಜೀವದ ಮಾತು. ನೀವು ಬರಬೇಕಿಲ್ಲ. ಉತ್ತರ ಶಿವಯ್ಯ ಮೇಷ್ಟ್ರ ಕೈಗೆ ಕೊಟ್ಟರೆ ಸಾಕು.

ಇಂತಿ,
ಶ್ವೇತಳ ಅಮ್ಮ
ಕವಿತ

ಮರೆತಿದ್ದೆ: ಆಪರೇಷನ್ ಸೋಮವಾರ. ಬೆಳಿಗ್ಗೆ ಏಳಕ್ಕೆಲ್ಲ ಆಸ್ಪತ್ರೆಯಲ್ಲಿರಬೇಕು. ಸುಮ್ಮನೆ ತಿಳಿಸಿದೆ.

*

ನಿಡಘಟ್ಟ
11 ಜುಲೈ 2025

ಕವಿತ,

ನಿಂತಾಗ.

ಇಷ್ಟಕ್ಕೇ ಬಿಟ್ಟರೆ ನೀನು ಇನ್ನೂ ನೂರು ಕೇಳುತ್ತೀಯ, ಅದಕ್ಕೆ ಉಳಿದದ್ದನ್ನೂ ಬರೆಯುತ್ತೇನೆ. ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ, ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯಬೇಡ.

ನಿನ್ನ ಗೊರಕೆ ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ಲಾರಿ ಓಡಾಡುವ ರಸ್ತೆ ಪಕ್ಕ ಬೆಳೆದವನು ನಾನು. ಸದ್ದಿದ್ದರೆ ನಿದ್ದೆ ಬರುತ್ತದೆ. ನಿನ್ನ ಸದ್ದು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಆಗ ನನಗೆ ಎಚ್ಚರವಾಗುತ್ತಿತ್ತು. ಎದ್ದು ಕೂತು ನಿನ್ನ ಎದೆ ನೋಡುತ್ತಿದ್ದೆ. ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ತಿವಿಯುತ್ತಿದ್ದೆ. ನೀನು ಗಕ್ಕನೆ ಉಸಿರೆಳೆದು, "ಮಲಗಾಕೂ ಬುಡಕಿಲ್ವಾ" ಎಂದು ಬೈದು ಆ ಕಡೆ ತಿರುಗುತ್ತಿದ್ದೆ. ಬೈದರೆ ನನಗೆ ಸಮಾಧಾನ.

ಯಾಕೆ ಹೇಳಲಿಲ್ಲ ಅಂದರೆ, ಹೇಳಿದರೆ ನೀನು ಹೆದರಿ ನಿದ್ದೆಯನ್ನೇ ಬಿಡುತ್ತೀಯ ಅಂದುಕೊಂಡೆ. ಬಾಯಿಬಿಟ್ಟು ಹೇಳಲು ನನಗೂ ಹೆದರಿಕೆ ಕಣಮ್ಮಿ. ಮಳವಳ್ಳಿಯಲ್ಲಿ ಅದನ್ನೇ ತಮಾಷೆ ಮಾಡಿ ಆಡಿಬಿಟ್ಟೆ. ಆಡಬಾರದಿತ್ತು.

ಟೈರಿನ ಮಾತು ಸರಿಯಾಗಿ ಬರೆದಿದ್ದೀಯ. ಲೋಡು ಜಾಸ್ತಿ ಇದ್ದರೆ ನಾವೂ ಗಾಳಿಯ ಒತ್ತಡ ಜಾಸ್ತಿ ಇಡುತ್ತೇವೆ. ನಿನ್ನ ಡಾಕ್ಟ್ರಮ್ಮನ ಮೇಲೆ ನನಗೆ ನಂಬಿಕೆ ಬಂತು. ನಿಂತಾಗಲೇ ಅನ್ನುವುದನ್ನು ಇವತ್ತೇ ಅವರಿಗೆ ಫೋನ್ ಮಾಡಿ ಹೇಳು, ಸೋಮವಾರದವರೆಗೆ ಕಾಯಬೇಡ. ಬಂದು ನಾನೂ ಹೇಳುತ್ತೇನೆ.

ಬರಬೇಕಿಲ್ಲ ಎಂದು ಬರೆದಿದ್ದೀಯ, ಅದೊಂದು ಸಾಲು ನನಗೆ ಓದಲು ಬರಲಿಲ್ಲ. ಭಾನುವಾರ ಸಂಜೆಯೇ ಅಂಗಡಿ ಮುಚ್ಚಿ ಅಲ್ಲಿಗೆ ಬರುತ್ತೇನೆ, ಜೊತೆಯಲ್ಲೇ ಮಂಡ್ಯಕ್ಕೆ ಹೋಗೋಣ. ಆಪರೇಷನ್ ಆದ ಮೇಲೆ ಅವರ ಮಿಷನ್ ಕಾಯಲಿ. ಅವರು ಬಿಟ್ಟರೆ ನಾನೂ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತಿರುತ್ತೇನೆ. ಬೈಯಬೇಕೆನಿಸಿದರೆ ಬೈ.

ಕೆಂಪರಾಜು

ಇನ್ನೊಂದು ಮಾತು. ಮಾಯಮ್ಮನ ಮನೆಯಲ್ಲಿ ಇಲಿ ಇಲ್ಲ. ನೀನು ಅಲ್ಲಿಗೆ ಹೋದ ಮಾರನೇ ದಿನವೇ, ನೀನು ಶಾಲೆಯಲ್ಲಿದ್ದಾಗ, ಎಲೆ ಅಡಿಕೆ ತಗೊಂಡು ಹೋಗಿ ಅವಳನ್ನು ನೋಡಿ ಬಂದಿದ್ದೆ. "ಮೇಡಂ ಗೊರ್ಕೆ ನಿಂತ್ರೆ ಗೋಡೆ ಬಡಿಯವ್ವ" ಅಂತ ಕೇಳಿಕೊಂಡವನು ನಾನೇ. ಪಾಪ, ಇಷ್ಟು ದಿನ ಅವಳಿಗೂ ನಿದ್ದೆ ಇಲ್ಲ, ಬೈಯಬೇಡ.