ಕಲ್ಲು ಕುಂತದ ರೀ

ಹಿರೇಕೊಟ್ನೆಕಲ್, ಮಾನವಿ ತಾಲೂಕು
ಬುಧವಾರ, ೧೯-೯-೧೯೭೯

ಪ್ರೀತಿಯ ಬಂಡೆಮ್ಮನಿಗೆ,

ದೇವದುರ್ಗದಲ್ಲಿ ನೀನು, ಅತ್ತೆ, ಮಾವ ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಲಿನ ಬಾವು ಇಳಿಯಿತೇ? ಏಳು ತಿಂಗಳು ತುಂಬಿದ ಮೇಲೆ ಕೊಡ ಎತ್ತಬೇಡ ಎಂದು ನರ್ಸಮ್ಮ ಹೇಳಿದ್ದನ್ನು ಮರೆಯಬೇಡ. ನನ್ನ ಊಟದ ಚಿಂತೆ ಬಿಡು. ನೀನು ಬಡಿದಿಟ್ಟ ಸಜ್ಜೆ ರೊಟ್ಟಿ ಇನ್ನೂ ಇವೆ. ನಾನೇ ಮಾಡಿದ ಪುಂಡಿಪಲ್ಲೆ ಮಾತ್ರ ಬಾಯಿಗಿಡಲಾರದಷ್ಟು ಹುಳಿಯಾಗಿತ್ತು.

ಈಗ ಸುದ್ದಿ ಕೇಳು. ಹೋದ ಗುರುವಾರ ರಾಯಚೂರಿನ ನೀರಾವರಿ ಮೀಟಿಂಗಿನಲ್ಲಿ ನಾನು ಮಾತಾಡಿದೆ. ಮುಂಗಾರಿನಲ್ಲಿ ದಂಡೆ ಜಾರಿದಾಗ ಕಾಲುವೆಯ ನೀರಿನ ಮಟ್ಟ ತೋರಿಸುವ ಅಳತೆಗಲ್ಲು ಕುಸಿದಿದೆ ಎಂದು ನಿನಗೆ ಎಷ್ಟು ಸಲ ಹೇಳಿದ್ದೆ. ಕಲ್ಲು ಕೆಳಗಿಳಿದ ಮೇಲೆ ನೀರು ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ. ನಾನು ದಿನಾ ನೋಡಿ ಬರೆಯುವ ಆ ಅಂಕಿಯೇ ಮೇಲಿನವರಿಗೆ ಹೋಗುತ್ತದೆ. ಅವರು ಅದನ್ನು ನೋಡಿ, ಕೊನೆಯ ಹೊಲಗಳಿಗೂ ನೀರು ಮುಟ್ಟುತ್ತಿದೆ, ರೈತರು ಸುಮ್ಮನೆ ಕೂಗುತ್ತಾರೆ ಎನ್ನುತ್ತಾರೆ. ವರದಿಯ ಕೆಳಗೆ ಎರಡು ಸಲ ಬರೆದು ಕಳಿಸಿದೆ, ಯಾರೂ ಓದಿದಂತಿಲ್ಲ. ಹಿಂದಿನ ಎರಡು ಮೀಟಿಂಗಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ಹೇಳಬೇಕಾದದ್ದನ್ನು ಹೇಳದೆಯೇ ವಾಪಸ್ ಬಂದೆ. “ನನ್ನ ಮುಂದ ಇಷ್ಟು ಚಂದ ಹೇಳ್ತೀರಿ, ಅಲ್ಲಿ ನಾಲಿಗಿಗೆ ಏನಾಗ್ತದ್ರಿ?” ಎಂದು ನೀನು ಕೇಳಿದಾಗ ಸಿಟ್ಟಾಗಿ ಉಣ್ಣದೆ ಎದ್ದೆನಲ್ಲ, ತಪ್ಪು ನನ್ನದೇ.

ಮೀಟಿಂಗಿಗೆ ಒಂದು ವಾರ ಮೊದಲು ಕೊನೆಯ ಹೊಲದ ಕರೆಮ್ಮ ದಂಡೆಗೆ ಬಂದಿದ್ದಳು. ಭತ್ತ ಹೊಡೆಗೆ ಬಂದಿದೆ, ತೆನೆ ಹೊರಡುವ ಹೊತ್ತಿಗೇ ಗದ್ದೆ ಬಿರುಕು ಬಿಟ್ಟಿದೆ. “ನಾವು ಹೇಳಿದ್ರ ಸುಳ್ಳು ಅಂತಾರ. ನೀ ಸರ್ಕಾರದವ, ನೀ ಹೇಳಪ್ಪ” ಎಂದಳು. ನಾನು ಗೇಟಿನ ಕಡೆ ಮುಖ ತಿರುಗಿಸಿ ನಿಂತೆ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಆಕೆ ಹೊಲದ ದಾರಿ ಹಿಡಿದಳು. ಮರುದಿನದಿಂದ ಮಾನವಿ ಬಸ್ ನಿಲ್ದಾಣದಲ್ಲಿ ಚಹಾದಂಗಡಿ ಇಟ್ಟಿರುವ ವಲಿ ಪಾಷಾನ ಮುಂದೆ ಮಾತು ರೂಢಿ ಮಾಡತೊಡಗಿದೆ. ಅವನು ಬೇಕಂತಲೇ ನಡುವೆ ಬಾಯಿ ಹಾಕುತ್ತಿದ್ದ. “ಸಾಹೇಬ್ರು ಪೂರಾ ಕೇಳ್ತಾರಂತ ತಿಳೀಬ್ಯಾಡ. ಅಸಲಿ ಮಾತು ಮದಲ ಹೇಳಿಬಿಡು” ಎಂದ.

ಮೀಟಿಂಗಿನ ದಿನ ದೊಡ್ಡ ಸಾಹೇಬರು, ನಮ್ಮ ಕಾಲುವೆಗೆ ವಾರದಲ್ಲಿ ಎರಡು ದಿನ ನೀರು ಕಡಿಮೆ ಮಾಡುವುದಾಗಿ ಬರೆಸತೊಡಗಿದರು. ನಾನು ಕೈ ಎತ್ತಿದೆ. ಕಲಿತದ್ದೆಲ್ಲ ಮರೆತುಹೋಗಿ, “ಸಾಹೇಬ್ರ, ಕಲ್ಲು ಕುಂತದ ರೀ” ಎಂದಷ್ಟೇ ಬಾಯಿಗೆ ಬಂತು. ಹಿಂದೆ ಯಾರೋ ನಕ್ಕರು. ನನ್ನ ಮೇಲಿನ ಸೆಕ್ಷನ್ ಸಾಹೇಬರು ಸುಮ್ಮನಿರು ಎಂದು ಕಣ್ಸನ್ನೆ ಮಾಡಿದರು. ದೊಡ್ಡ ಸಾಹೇಬರು ಮಾತ್ರ ನಗಲಿಲ್ಲ. “ಯಾವ ಕಲ್ಲು? ಮುಂದ ಬಂದು ಹೇಳ್ರಿ” ಎಂದರು. ನಡೆದು ಹೋಗುವಷ್ಟರಲ್ಲಿ ಮಾತು ಒಂದೊಂದಾಗಿ ನೆನಪಾಯಿತು. ಹೋದ ವರ್ಷ ಕಲ್ಲಿನ ಮಟ್ಟಕ್ಕೆ ಸರಿಯಾಗಿ ಸೇತುವೆಯ ಕಂಬಕ್ಕೆ ನಾನು ಉಳಿಯಿಂದ ಹೊಡೆದಿಟ್ಟ ಗುರುತಿನ ವಿಷಯ ಹೇಳಿ, “ಅದಕ್ಕೂ ಕಲ್ಲಿಗೂ ನಾಕು ಇಂಚು ಫರಕ್ ಅದ ರೀ. ನಾ ಬರದ ಅಂಕಿ ನಾನೇ ನಂಬಂಗಿಲ್ಲ” ಎಂದೆ. ಆಮೇಲೆ ಯಾರೂ ನಗಲಿಲ್ಲ.

ಶನಿವಾರ ಜೀಪು ಬಂತು. ದೊಡ್ಡ ಸಾಹೇಬರೇ ಪ್ಯಾಂಟು ಮಡಚಿ ನೀರಿಗಿಳಿದು ಅಳೆದರು, ನಾಲ್ಕೂವರೆ ಇಂಚು. ನೀರು ಕಡಿಮೆ ಮಾಡುವ ಮಾತು ಅಲ್ಲಿಗೇ ನಿಂತಿತು, ಗೇಟು ಇನ್ನಷ್ಟು ಎತ್ತಿಸಿದರು. ನಿನ್ನೆ ಕರೆಮ್ಮನ ಗದ್ದೆಗೆ ನೀರು ಮುಟ್ಟಿತು. “ಬಂತಪ್ಪ” ಎಂದಷ್ಟೇ ಹೇಳಿ ಆಕೆ ನೀರು ತಿರುಗಿಸಿಕೊಳ್ಳಲು ಮಡೆ ಕಟ್ಟಲು ಓಡಿದಳು. ಮೀಟಿಂಗಿನ ದಿನದಿಂದ ಮುಖ ಬಿಗಿದುಕೊಂಡಿದ್ದ ಸೆಕ್ಷನ್ ಸಾಹೇಬರು ಇವತ್ತು ಕರೆದು ಚಹಾ ಕುಡಿಸಿದರು. ನನ್ನ ಹೆದರಿಕೆ ಹೋಗಿದೆ ಎಂದು ತಿಳಿಯಬೇಡ. ಆದರೂ ಮುಂದಿನ ತಿಂಗಳ ಮೀಟಿಂಗಿನಲ್ಲಿ ಮತ್ತೆ ಕೈ ಎತ್ತುತ್ತೇನೆ.

ಅತ್ತೆ ಮಾವನಿಗೆ ನಮಸ್ಕಾರ ತಿಳಿಸು. ಹೊಟ್ಟೆಯಲ್ಲಿರುವ ಕೂಸಿಗೂ ಈ ಸುದ್ದಿ ಹೇಳು.

ನಿನ್ನ,
ಯಮನೂರಪ್ಪ

ತಾಜಾ ಕಲಂ: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಹೆರಿಗೆಯಾದ ಮೇಲೆ ಏಳು ತಿಂಗಳು ನಿನ್ನನ್ನು ಕಳಿಸುವುದಿಲ್ಲ ಎಂದು ಮಾವ ಹೇಳಿದಾಗ ನಾನು ತಲೆಯಾಡಿಸಿ ಬಂದಿದ್ದೆ. ಮೂರು ತಿಂಗಳು ಸಾಕು. ನಿನಗೂ ಹಾಗೇ ಅನಿಸಿದರೆ ಇದನ್ನು ನೀನು ಅವರಿಗೆ ಹೇಳಬೇಡ. ಭಾನುವಾರ ಮೊದಲ ಬಸ್ಸಿಗೆ ಬಂದು ನಾನೇ ಹೇಳುತ್ತೇನೆ. ಹೇಳುವಾಗ ನೀನು ನಗಬಾರದು.